ಬಿಲ್ ಇವಾನ್ಸ್ ಧ್ವನಿಮುದ್ರಣಗಳಲ್ಲಿ ಶೋಕ: ಕಾಲಾನುಕ್ರಮ ಕುರಿತ ಒಂದು ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ಜಾಝ್ ಪಿಯಾನೋ ವಾದಕ ಬಿಲ್ ಇವಾನ್ಸ್ (ಜನನ 16 ಆಗಸ್ಟ್ 1929, ಪ್ಲೇನ್‌ಫೀಲ್ಡ್, ನ್ಯೂಜೆರ್ಸಿ, ಮರಣ 15 ಸೆಪ್ಟೆಂಬರ್ 1980, ನ್ಯೂಯಾರ್ಕ್) ಅವರ ಅಭಿಮಾನಿಗಳು ಅವರ ಧ್ವನಿಮುದ್ರಣಗಳನ್ನು ನೆನೆಯುವಾಗ ಅವುಗಳಿಗೆ ಯಾವುದಾದರೊಂದು ಸಾವನ್ನು ಜೋಡಿಸುವುದು ವಾಡಿಕೆ. 1961ರ ಮುದ್ರಣಗಳಿಗೆ ಬೇಸ್ ವಾದಕ ಸ್ಕಾಟ್ ಲಫಾರೊ ಅವರ ಸಾವು, 1966ರ ಮುದ್ರಣಕ್ಕೆ ತಂದೆಯ ಸಾವು, 1977ರ ಮುದ್ರಣಕ್ಕೆ ಅಣ್ಣನ ಸಾವು, 1980ರವಕ್ಕೆ ಸ್ವತಃ ಇವಾನ್ಸ್ ಅವರ ಸಾವು ಹೀಗೆ ಜೋಡಣೆಯಾಗಿವೆ. ಈ ಜೋಡಣೆಗಳಲ್ಲಿ ಯಾವುವು ದಿನಾಂಕಗಳ ಪರೀಕ್ಷೆಯಲ್ಲಿ ನಿಲ್ಲುತ್ತವೆ, ಯಾವುವು ನಿಲ್ಲುವುದಿಲ್ಲ ಎಂಬುದಷ್ಟೇ ಈ ಟಿಪ್ಪಣಿಯ ಪ್ರಶ್ನೆ. ವಾದನದ ಗುಣವಿಮರ್ಶೆ ಇಲ್ಲಿ ಉದ್ದೇಶವಲ್ಲ. ಇವಾನ್ಸ್ ಅವರ ಎಲ್ಲ ಮುದ್ರಣಗಳ ಪಟ್ಟಿಯನ್ನೂ ಇಲ್ಲಿ ಕೊಟ್ಟಿಲ್ಲ. ಆರು ಪ್ರಕರಣಗಳನ್ನು ಮಾತ್ರ ಎತ್ತಿಕೊಳ್ಳಲಾಗಿದೆ.

2. ಪರಿಶೀಲನೆಯ ಕ್ರಮ

ಹಳೆಯ ಹಸ್ತಪ್ರತಿಯನ್ನು ಪರಿಷ್ಕರಿಸುವವರು ಕವಿಯ ಪಾಠವನ್ನೂ ಲಿಪಿಕಾರನು ಕೊನೆಗೆ ಬರೆದ ಮಾತುಗಳನ್ನೂ ಒಂದೇ ಕಾಲದವೆಂದು ಎಣಿಸುವುದಿಲ್ಲ. ಧ್ವನಿಮುದ್ರಿಕೆಯ ವಿಷಯದಲ್ಲೂ ಇಂಥದೇ ವಿಂಗಡಣೆ ಅಗತ್ಯ. ಇಲ್ಲಿ ಮೂರು ಸ್ತರಗಳನ್ನು ಬೇರ್ಪಡಿಸಲಾಗಿದೆ:

(ಅ) ವಾದನ: ಸಂಗೀತ ಮುದ್ರಣಗೊಂಡ ದಿನ.
(ಆ) ನಾಮಕರಣ: ರಚನೆಯ ಹೆಸರು, ಅರ್ಪಣೆ, ಉಪಶೀರ್ಷಿಕೆ.
(ಇ) ಪ್ರಕಟಣೆ: ಟೇಕ್‌ಗಳ ಆಯ್ಕೆ, ಹಾಡುಗಳ ಅನುಕ್ರಮ, ಮುದ್ರಿಕೆಯ ಶೀರ್ಷಿಕೆ, ಬಿಡುಗಡೆಯ ಕಾಲ.

ಸಾವು ಈ ಮೂರರಲ್ಲಿ ಯಾವ ಸ್ತರಕ್ಕೆ ಮುಂಚಿನದು ಎಂಬುದನ್ನು ಪ್ರತಿ ಪ್ರಕರಣದಲ್ಲೂ ಗುರುತಿಸಲಾಗಿದೆ. ಸಾವು ವಾದನಕ್ಕಿಂತ ಹಿಂದಿನದಾದರೆ ಆ ವಾದನವನ್ನು ಶೋಕಗೀತೆ ಎಂದು ಕರೆಯಲು ಕಾಲದ ಅಡ್ಡಿಯಿಲ್ಲ. ಹಾಗೆ ಕರೆಯಲೇಬೇಕು ಎಂದೂ ಅದರಿಂದ ಸಿದ್ಧವಾಗುವುದಿಲ್ಲ. ಸಾವು ವಾದನಕ್ಕಿಂತ ಈಚಿನದಾದರೆ ಶೋಕ ಇದ್ದರೂ ಅದು (ಆ) ಅಥವಾ (ಇ) ಸ್ತರದಲ್ಲಿ ಸೇರಿದ್ದಿರಬೇಕು.

3. ವಿಲೇಜ್ ವ್ಯಾನ್‌ಗಾರ್ಡ್, 25 ಜೂನ್ 1961

3.1. ಆ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಇವಾನ್ಸ್, ಲಫಾರೊ ಮತ್ತು ಡ್ರಮ್ಸ್ ವಾದಕ ಪಾಲ್ ಮೋಶನ್ ಅವರ ತ್ರಯ ಮಧ್ಯಾಹ್ನ ಎರಡು, ಸಂಜೆ ಮೂರು, ಹೀಗೆ ಐದು ಸರದಿ ನುಡಿಸಿತು. ನಿರ್ಮಾಪಕ ಓರಿನ್ ಕೀಪ್‌ನ್ಯೂಸ್. ಲಫಾರೊ 6 ಜುಲೈ 1961ರಂದು ನ್ಯೂಯಾರ್ಕ್ ರಾಜ್ಯದ ಫ್ಲಿಂಟ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು; ವಯಸ್ಸು 25. ‘ಹತ್ತು ದಿನಗಳ ಬಳಿಕ’ ಎಂಬ ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ. ಮೇಲಿನ ಎರಡು ದಿನಾಂಕಗಳನ್ನು ಒಪ್ಪಿದರೆ ಅಂತರ 11 ದಿನ.

3.2. ಇದು ಲಫಾರೊ ಅವರ ಕೊನೆಯ ವಾದನ ಎಂಬ ಮಾತೂ ಸರಿಯಲ್ಲ. ಜುಲೈ ಮೊದಲ ದಿನಗಳಲ್ಲಿ ಅವರು ನ್ಯೂಪೋರ್ಟ್ ಉತ್ಸವದಲ್ಲಿ ಸ್ಯಾಕ್ಸೋಫೋನ್ ವಾದಕ ಸ್ಟ್ಯಾನ್ ಗೆಟ್ಸ್ ಜೊತೆ ನುಡಿಸಿದ್ದರು. ವ್ಯಾನ್‌ಗಾರ್ಡ್ ಮುದ್ರಣವನ್ನು ‘ಇವಾನ್ಸ್ ತ್ರಯದೊಂದಿಗೆ ಲಫಾರೊ ಅವರ ಕೊನೆಯ ಮುದ್ರಣ’ ಎನ್ನುವುದೇ ಹೆಚ್ಚು ಸುರಕ್ಷಿತ.

3.3. ಮುದ್ರಣದಿಂದ ಮೊದಲು ಎರಡು ಎಲ್‌ಪಿಗಳು ಬಂದವು: ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ (1961) ಮತ್ತು ‘ವಾಲ್ಟ್ಜ್ ಫಾರ್ ಡೆಬಿ’ (1962). ಮೊದಲನೆಯದರ ಹೊದಿಕೆಯ ಮೇಲೆ ಲಫಾರೊ ಹೆಸರನ್ನು ವಿಶೇಷವಾಗಿ ನಮೂದಿಸಲಾಗಿದೆ. ಅವರನ್ನು ಮುಂದಿಟ್ಟು ತೋರಿಸುವಂತೆ ಅದರ ಹಾಡುಗಳನ್ನು ಅವರ ಸಾವಿನ ನಂತರ ಆರಿಸಲಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿಷಯ. ಎಂದರೆ ಇಲ್ಲಿ ಶೋಕ (ಇ) ಸ್ತರದಲ್ಲಿದೆ. ಆದರೆ ಆಯ್ಕೆ ಎಷ್ಟರಮಟ್ಟಿಗೆ ಆ ದಿನದ ವಾದನದಿಂದ ದೂರ ಸರಿದಿದೆ?

3.4. ಇದನ್ನು ಅಳೆಯಲು 2005ರಲ್ಲಿ ಮೂರು ಸಿಡಿಗಳಾಗಿ ಬಂದ ಸಮಗ್ರ ಆವೃತ್ತಿ ನೆರವಾಗುತ್ತದೆ. ಅದರಲ್ಲಿ ಎಲ್ಲವೂ ನುಡಿಸಿದ ಕ್ರಮದಲ್ಲೇ ಇದೆ. ಘೋಷಣೆ, ಮಾತುಕತೆ ಹಾಗೂ ಕೊನೆಯಲ್ಲಿ ಸಿಗುವ ಕೆಲವೇ ಸ್ವರಗಳ ತುಣುಕನ್ನು ಬಿಟ್ಟು ಎಣಿಸಿದರೆ 13 ರಚನೆಗಳ 22 ಟೇಕ್‌ಗಳು ದೊರೆಯುತ್ತವೆ. ಲಫಾರೊ ರಚಿಸಿದವು ಎರಡು: ‘ಗ್ಲೋರಿಯಾಸ್ ಸ್ಟೆಪ್’ (3 ಟೇಕ್) ಮತ್ತು ‘ಜೇಡ್ ವಿಷನ್ಸ್’ (2 ಟೇಕ್). ಲೆಕ್ಕ ಹೀಗಿದೆ:

ಇಡೀ ದಿನ: 22ರಲ್ಲಿ 5 (ಸುಮಾರು ಶೇ. 23).
‘ಸಂಡೇ’ ಎಲ್‌ಪಿ: 6ರಲ್ಲಿ 2 (ಸುಮಾರು ಶೇ. 33).
‘ವಾಲ್ಟ್ಜ್ ಫಾರ್ ಡೆಬಿ’ ಎಲ್‌ಪಿ: 6ರಲ್ಲಿ 0.
ಎರಡೂ ಎಲ್‌ಪಿ ಸೇರಿ: 12ರಲ್ಲಿ 2 (ಸುಮಾರು ಶೇ. 17).

ಮೊದಲ ಎಲ್‌ಪಿಯಲ್ಲಿ ಲಫಾರೊ ರಚನೆಗಳ ಪಾಲು ಹೆಚ್ಚಿದೆ. ಎರಡನ್ನೂ ಸೇರಿಸಿದರೆ ಅದು ಆ ದಿನದ ಪಾಲಿಗಿಂತ ಕಡಿಮೆ. ಸಂಖ್ಯೆಗಳು ಚಿಕ್ಕವಾದ್ದರಿಂದ ಈ ಶೇಕಡಾವಾರಿಗೆ ಹೆಚ್ಚು ಭಾರ ಹೊರಿಸಬಾರದು. ಅಲ್ಲದೆ ರಚನೆ ಯಾರದು ಎಂಬುದು ಒಂದು ಅಳತೆ ಮಾತ್ರ. ಬೇಸ್ ವಾದನಕ್ಕೆ ಸಿಕ್ಕ ಅವಕಾಶ ಇನ್ನೊಂದು, ಅದನ್ನು ಇಲ್ಲಿ ಅಳೆದಿಲ್ಲ.

3.5. ‘ಸಂಡೇ’ ಎಲ್‌ಪಿ ‘ಗ್ಲೋರಿಯಾಸ್ ಸ್ಟೆಪ್’ನಿಂದ ಆರಂಭವಾಗಿ ‘ಜೇಡ್ ವಿಷನ್ಸ್’ನಲ್ಲಿ ಮುಗಿಯುತ್ತದೆ. ಅಗಲಿದವರ ಎರಡು ರಚನೆಗಳನ್ನು ಎರಡು ತುದಿಗೆ ಇಟ್ಟದ್ದು ಸ್ಮಾರಕದ ವಿನ್ಯಾಸ ಎಂದು ಓದುವುದು ಸಹಜ. ಸಮಗ್ರ ಆವೃತ್ತಿ ಈ ಓದಿಗೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ಆ ದಿನ ಮಧ್ಯಾಹ್ನ ಮೊದಲು ನುಡಿಸಿದ್ದೂ ‘ಗ್ಲೋರಿಯಾಸ್ ಸ್ಟೆಪ್’. ರಾತ್ರಿ ಕೊನೆಯ ಪೂರ್ಣ ರಚನೆಯಾಗಿ ಬಂದದ್ದೂ ‘ಜೇಡ್ ವಿಷನ್ಸ್’, ಅದೂ ಒಂದರ ಹಿಂದೊಂದು ಎರಡು ಸಲ. ಮಧ್ಯಾಹ್ನದ ಆ ಮೊದಲ ಟೇಕ್ ವಿದ್ಯುತ್ ಕೈಕೊಟ್ಟು ನಡುವೆ ತುಂಡಾಗಿದೆ. ಸಮಗ್ರ ಆವೃತ್ತಿಯಲ್ಲಿ ಆ ಬಿರುಕು ಹಾಗೆಯೇ ಕೇಳಿಸುತ್ತದೆ. ಎಲ್‌ಪಿಯಲ್ಲಿರುವುದು ಸಂಜೆಯ ಮೊದಲ ಸರದಿಯ ಎರಡನೇ ಟೇಕ್. ಆದ್ದರಿಂದ ಎಲ್‌ಪಿಯ ಆದಿ-ಅಂತ್ಯಗಳು ಆ ದಿನದ ಆದಿ-ಅಂತ್ಯಗಳೊಂದಿಗೆ ಹೊಂದುತ್ತವೆ. ಈ ಜೋಡಣೆಯನ್ನು ಕೇವಲ ಶೋಕದಿಂದ ವಿವರಿಸಬೇಕಾಗಿಲ್ಲ. ಸಂಪಾದಕರು ದಿನದ ಕ್ರಮವನ್ನು ಅನುಸರಿಸಿದರೋ ಅಥವಾ ಎರಡೂ ಕಾರಣಗಳು ಕೂಡಿದವೋ ಎಂಬುದನ್ನು ಅನುಕ್ರಮವೊಂದರಿಂದ ತೀರ್ಮಾನಿಸಲು ಬರುವುದಿಲ್ಲ. ನಡುವಿನ ನಾಲ್ಕು ಹಾಡುಗಳು ದಿನದ ಕ್ರಮದಲ್ಲಿಲ್ಲ ಎಂಬುದನ್ನೂ ಗಮನಿಸಬೇಕು: ಉದಾಹರಣೆಗೆ, ಮಧ್ಯಾಹ್ನದ ‘ಸೋಲಾರ್’ ಸಂಜೆಯ ‘ಮೈ ಮ್ಯಾನ್ಸ್ ಗಾನ್ ನೌ’ ನಂತರ ಬಂದಿದೆ.

4. ‘ಮೌನದ ವರ್ಷ’ ಮತ್ತು 1962ರ ಒಂದು ಶೀರ್ಷಿಕೆ

4.1. ಲಫಾರೊ ಸಾವಿನ ನಂತರ ಇವಾನ್ಸ್ ಒಂದು ವರ್ಷ ಮುದ್ರಣಕ್ಕೆ ಕೂರಲಿಲ್ಲ ಎಂಬ ನೆನಪು ಅಭಿಮಾನಿಗಳ ನಡುವೆ ಪ್ರಚಲಿತ. ತಿಳಿದಿರುವ ದಿನಾಂಕಗಳು ಇದನ್ನು ಭಾಗಶಃ ಮಾತ್ರ ಬೆಂಬಲಿಸುತ್ತವೆ. 1961ರ ಡಿಸೆಂಬರ್‌ನಲ್ಲೇ ಅವರು ಕೊಳಲು ವಾದಕ ಹರ್ಬಿ ಮ್ಯಾನ್ ಜೊತೆ ಮುದ್ರಣ ಮಾಡಿದ್ದಾರೆ (‘ನಿರ್ವಾಣ’, ಹೊಸ ಬೇಸ್ ವಾದಕ ಚಕ್ ಇಸ್ರೇಲ್ಸ್ ಮತ್ತು ಮೋಶನ್ ಸಹಿತ). 24 ಏಪ್ರಿಲ್ ಮತ್ತು 14 ಮೇ 1962ರಂದು ಗಿಟಾರ್ ವಾದಕ ಜಿಮ್ ಹಾಲ್ ಜೊತೆ ‘ಅಂಡರ್‌ಕರೆಂಟ್’ ಆಯಿತು. ಸ್ವಂತ ಹೆಸರಿನ ತ್ರಯದ ಸ್ಟುಡಿಯೋ ಮುದ್ರಣ ಆರಂಭವಾದದ್ದು 17 ಮೇ 1962ರಂದು. ಆದ್ದರಿಂದ ವಿರಾಮವನ್ನು ತ್ರಯದ ಮಟ್ಟಿಗೆ ‘ಸುಮಾರು ಹನ್ನೊಂದು ತಿಂಗಳು’ ಎನ್ನಬಹುದು. ವಾದಕನ ಮಟ್ಟಿಗೆ ಅದು ಅರ್ಧ ವರ್ಷದ ಆಸುಪಾಸಿನದು, ಅದಕ್ಕಿಂತ ದೀರ್ಘವಲ್ಲ.

4.2. 1962ರ ಮೇ-ಜೂನ್ ಮುದ್ರಣಗಳಿಂದ ರೂಪುಗೊಂಡ ‘ಮೂನ್ ಬೀಮ್ಸ್’ ಎಲ್‌ಪಿಯ ಮೊದಲ ರಚನೆ ‘ರೀ: ಪರ್ಸನ್ ಐ ನ್ಯೂ’. ‘ನನಗೆ ಗೊತ್ತಿದ್ದ ವ್ಯಕ್ತಿಯ ಕುರಿತು’ ಎಂಬ ಅರ್ಥ ಕೊಡುವ ಈ ಹೆಸರನ್ನು, ಲಫಾರೊ ಇಲ್ಲದ ತ್ರಯದ ಮೊದಲ ಎಲ್‌ಪಿಯ ಆರಂಭದಲ್ಲಿ ಕಂಡವರು ಅದನ್ನು ಲಫಾರೊ ಅವರಿಗೆ ಅನ್ವಯಿಸುವುದು ಅಚ್ಚರಿಯಲ್ಲ. ಆದರೆ ಈ ಶೀರ್ಷಿಕೆಯ 13 ಇಂಗ್ಲಿಷ್ ಅಕ್ಷರಗಳನ್ನು ಸ್ಥಾನಪಲ್ಲಟ ಮಾಡಿದರೆ ನಿರ್ಮಾಪಕ ಓರಿನ್ ಕೀಪ್‌ನ್ಯೂಸ್ ಅವರ ಹೆಸರು ಒಂದಕ್ಷರವೂ ಉಳಿಯದೆ, ಕೊರೆಯಾಗದೆ ಸಿಗುತ್ತದೆ. ಕೀಪ್‌ನ್ಯೂಸ್ ಆಗ ಜೀವಂತರಿದ್ದರು. ಕಾಲದ ದೃಷ್ಟಿಯಿಂದ ಶೋಕದ ಓದಿಗೆ ಅಡ್ಡಿಯಿಲ್ಲದಿದ್ದರೂ ನಾಮಕರಣದ ಸ್ತರ ಅದನ್ನು ಬೆಂಬಲಿಸುವುದಿಲ್ಲ. ವಾದನದಲ್ಲಿ ಶೋಕ ಇರಲಿಲ್ಲ ಎಂಬ ಪ್ರತಿಪಾದನೆಗೂ ಇದು ಸಾಕ್ಷ್ಯವಲ್ಲ. ಶೀರ್ಷಿಕೆಯನ್ನು ಆಧಾರವಾಗಿ ಬಳಸುವಂತಿಲ್ಲ ಎಂಬಷ್ಟೇ ಇದರ ಫಲಿತಾಂಶ.

5. ಸಾವು ವಾದನಕ್ಕೆ ಮುಂಚಿನದಾದ ಎರಡು ಪ್ರಕರಣಗಳು

5.1. ‘ಎನ್‌ವೈಸೀಸ್ ನೋ ಲಾರ್ಕ್’. ಇದೂ ಅಕ್ಷರಪಲ್ಲಟವೇ: 10 ಅಕ್ಷರಗಳಲ್ಲಿ ಪಿಯಾನೋ ವಾದಕ ಸಾನಿ ಕ್ಲಾರ್ಕ್ ಅವರ ಹೆಸರು ಅಡಗಿದೆ. ಕ್ಲಾರ್ಕ್ ತೀರಿಕೊಂಡದ್ದು 13 ಜನವರಿ 1963. ಇವಾನ್ಸ್ ಮೂರು ಪಿಯಾನೋ ಪಾತ್ರಗಳನ್ನು ತಾವೇ ಒಂದರ ಮೇಲೊಂದು ಮುದ್ರಿಸಿದ ‘ಕಾನ್ವರ್ಸೇಶನ್ಸ್ ವಿತ್ ಮೈಸೆಲ್ಫ್’ಗಾಗಿ ಕೂತದ್ದು ಅದೇ ವರ್ಷದ ಫೆಬ್ರವರಿ 6, 9 ಮತ್ತು 20ರಂದು. ಸಾವಿಗೂ ಮೊದಲ ಮುದ್ರಣದಿನಕ್ಕೂ 24 ದಿನಗಳ ಅಂತರ. ಸಾವು, ನಾಮಕರಣ, ವಾದನ ಮೂರೂ ಇಲ್ಲಿ ಪರಸ್ಪರ ಹೊಂದುತ್ತವೆ. ಆರು ಪ್ರಕರಣಗಳಲ್ಲಿ ತೊಡಕು ಅತಿ ಕಡಿಮೆ ಇರುವುದು ಇದರಲ್ಲಿ. ಆದರೆ ಅಭಿಮಾನಿಗಳ ಸ್ಮರಣೆಯಲ್ಲಿ ಇದರ ಪ್ರಸ್ತಾಪ ಲಫಾರೊ ಪ್ರಕರಣದಷ್ಟು ಕಾಣುವುದಿಲ್ಲ.

5.2. ಟೌನ್ ಹಾಲ್, 21 ಫೆಬ್ರವರಿ 1966. ನ್ಯೂಯಾರ್ಕಿನ ಈ ಕಛೇರಿಯಲ್ಲಿ ಇವಾನ್ಸ್ ಒಬ್ಬರೇ ನುಡಿಸಿದ, 13 ನಿಮಿಷ ಮೀರಿದ ಭಾಗಕ್ಕೆ ತಂದೆ ಹ್ಯಾರಿ ಎಲ್. ಇವಾನ್ಸ್ ಅವರ ನೆನಪಿನ ಶೀರ್ಷಿಕೆಯಿದೆ. ಶೀರ್ಷಿಕೆಯಲ್ಲೇ 1891–1966 ಎಂಬ ಜೀವಿತಾವಧಿ ನಮೂದಾಗಿದೆ. ಇದು ಶೋಕಗೀತೆ ಎಂಬುದರಲ್ಲಿ ವಿವಾದವಿಲ್ಲ. ಆದರೂ ಒಂದು ಅಂಶ ಗಮನಾರ್ಹ. ಇದರ ನಾಲ್ಕು ಭಾಗಗಳು ‘ಪ್ರೊಲಾಗ್’, ‘ಸ್ಟೋರಿ ಲೈನ್’, ‘ಟರ್ನ್ ಔಟ್ ದ ಸ್ಟಾರ್ಸ್’ ಮತ್ತು ‘ಎಪಿಲಾಗ್’. ಇವುಗಳಲ್ಲಿ ‘ಎಪಿಲಾಗ್’ ಹೊಸದಲ್ಲ. 15 ಡಿಸೆಂಬರ್ 1958ರಂದು ಮುದ್ರಣಗೊಂಡ ‘ಎವ್ರಿಬಡಿ ಡಿಗ್ಸ್ ಬಿಲ್ ಇವಾನ್ಸ್’ ಎಲ್‌ಪಿಯಲ್ಲಿ ಅದೇ ರಚನೆ ಪುಟ್ಟ ತುಣುಕಾಗಿ ಬಂದಿತ್ತು. ಏಳು ವರ್ಷಗಳಿಗೂ ಹಿಂದಿನ ಸಾಮಗ್ರಿ ಶೋಕಗೀತೆಯ ಅಂಗವಾಯಿತು. ವಾದನದ ದಿನಾಂಕ ಶೋಕವನ್ನು ಸಮರ್ಥಿಸುವಲ್ಲಿಯೂ ರಚನೆಯ ದಿನಾಂಕ ಹಾಗೆ ಮಾಡಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ. ಸ್ತರ (ಅ)ದೊಳಗೇ ರಚನೆ ಮತ್ತು ವಾದನ ಎಂಬ ಇನ್ನೊಂದು ಭೇದ ಬೇಕಾಗಬಹುದು.

6. ‘ಯು ಮಸ್ಟ್ ಬಿಲೀವ್ ಇನ್ ಸ್ಪ್ರಿಂಗ್’

6.1. ಕಾಲಾನುಕ್ರಮದ ಗೊಂದಲ ಅತಿ ಹೆಚ್ಚು ಇರುವುದು ಈ ಎಲ್‌ಪಿಯ ವಿಷಯದಲ್ಲಿ. ಬೇಸ್ ವಾದಕ ಎಡ್ಡಿ ಗೋಮೆಜ್ ಮತ್ತು ಡ್ರಮ್ಸ್ ವಾದಕ ಎಲಿಯಟ್ ಜಿಗ್ಮಂಡ್ ಜೊತೆಗಿನ ಮುದ್ರಣ 23ರಿಂದ 25 ಆಗಸ್ಟ್ 1977. ಬಿಡುಗಡೆ 1981, ಎಂದರೆ ಇವಾನ್ಸ್ ಸಾವಿನ ನಂತರ. ಏಳು ಹಾಡುಗಳಲ್ಲಿ ಇವಾನ್ಸ್ ರಚನೆಗಳೆರಡು, ಎರಡಕ್ಕೂ ಅರ್ಪಣೆಯಿದೆ: ‘ಬಿ ಮೈನರ್ ವಾಲ್ಟ್ಜ್’ ಸಂಗಾತಿ ಎಲೇನ್ ಅವರಿಗೆ, ‘ವಿ ವಿಲ್ ಮೀಟ್ ಅಗೇನ್’ ಅಣ್ಣ ಹ್ಯಾರಿ ಅವರಿಗೆ. ಕೊನೆಯ ಹಾಡು ಜಾನಿ ಮ್ಯಾಂಡೆಲ್ ರಚಿಸಿದ, 1970ರ ‘ಮ್ಯಾಶ್’ ಚಿತ್ರದ ಶೀರ್ಷಿಕೆ ಗೀತೆ. ಆತ್ಮಹತ್ಯೆಯನ್ನು ಕುರಿತ ಸಾಹಿತ್ಯಕ್ಕಾಗಿ ಆ ಗೀತೆ ಹೆಸರಾಗಿತ್ತು.

6.2. ಇವಾನ್ಸ್ ಅವರ ದೀರ್ಘಕಾಲದ ಸಂಗಾತಿ ಎಲೇನ್ 1973ರಲ್ಲೂ ಅಣ್ಣ ಹ್ಯಾರಿ 1979ರ ಏಪ್ರಿಲ್‌ನಲ್ಲೂ ಆತ್ಮಹತ್ಯೆ ಮಾಡಿಕೊಂಡರು. ಈ ಎರಡು ಸಾವುಗಳ ನೆರಳಿನಲ್ಲಿ ಇಡೀ ಎಲ್‌ಪಿಯನ್ನು ಕೇಳುವ ರೂಢಿ ಬೇರೂರಿದೆ. ದಿನಾಂಕಗಳು ಇದರಲ್ಲಿ ಅರ್ಧವನ್ನು ಮಾತ್ರ ಒಪ್ಪುತ್ತವೆ. ಎಲೇನ್ ಅವರ ಸಾವು ಮುದ್ರಣಕ್ಕೆ ನಾಲ್ಕು ವರ್ಷ ಮುಂಚಿನದು. ಶೋಕದ ಓದಿಗೆ ಕಾಲದ ಅಡ್ಡಿಯಿಲ್ಲ. ಹ್ಯಾರಿ ಮಾತ್ರ ಮುದ್ರಣದ ವೇಳೆ ಬದುಕಿದ್ದರು, ಆ ಬಳಿಕವೂ ಸುಮಾರು ಇಪ್ಪತ್ತು ತಿಂಗಳು ಬದುಕಿದ್ದರು. 1977ರ ವಾದನದಲ್ಲಿ ಅವರ ಸಾವಿನ ದುಃಖ ಇರಲು ಸಾಧ್ಯವಿಲ್ಲ. ‘ಮ್ಯಾಶ್’ ಗೀತೆಯ ಸ್ಥಿತಿಯೂ ಇದೇ: ಹ್ಯಾರಿ ಅವರಿಗೆ ಅದು ಅನ್ವಯಿಸದು, ಎಲೇನ್ ಅವರಿಗೆ ಅನ್ವಯಿಸಬಹುದು. ಆದರೆ ಇವಾನ್ಸ್ ಅದನ್ನು 1980ರ ಕಛೇರಿಗಳಲ್ಲೂ ನುಡಿಸಿದ್ದಾರೆ. ಅದು ವಾಡಿಕೆಯ ಕಛೇರಿ ಹಾಡಾಗಿತ್ತು ಎಂಬ ಸರಳ ವಿವರಣೆಯನ್ನು ತಳ್ಳಿಹಾಕುವಂತಿಲ್ಲ.

6.3. ಹಾಗಾದರೆ ಈ ಓದು ಎಲ್ಲಿಂದ ಬಂತು? ಒಂದು ಸಂಭಾವ್ಯ ವಿವರಣೆ ಬಿಡುಗಡೆಯ ಕ್ರಮದಲ್ಲಿದೆ. ‘ವಿ ವಿಲ್ ಮೀಟ್ ಅಗೇನ್’ ರಚನೆಯನ್ನು ಇವಾನ್ಸ್ 1979ರ ಆಗಸ್ಟ್‌ನಲ್ಲಿ, ಅಣ್ಣನ ಸಾವಿನ ನಾಲ್ಕು ತಿಂಗಳ ನಂತರ, ಐವರ ತಂಡದ ಎಲ್‌ಪಿಗಾಗಿ ಮತ್ತೆ ಮುದ್ರಿಸಿದರು. ಆ ಎಲ್‌ಪಿಯ ಹೆಸರೂ ಅದೇ, ಅದರ ಕೊನೆಯ ಹಾಡೂ ಅದೇ. ಅದು 1977ರ ಮುದ್ರಣಕ್ಕಿಂತ ಮೊದಲು ಮಾರುಕಟ್ಟೆಗೆ ಬಂತು. ಕೇಳುಗರಿಗೆ ಎರಡನೇ ವಾದನ ಮೊದಲು ಸಿಕ್ಕಿತು, ಮೊದಲ ವಾದನ ನಂತರ ಸಿಕ್ಕಿತು. ಅಷ್ಟರಲ್ಲಿ ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡಿದ್ದರು. 1979ರ ವಾದನಕ್ಕೆ ಸಲ್ಲುವ ಅರ್ಥ 1977ರ ವಾದನಕ್ಕೆ ಹಿಮ್ಮುಖವಾಗಿ ಹರಿದಿರುವ ಸಾಧ್ಯತೆ ಹೆಚ್ಚು. 1977ರ ವಾದನದ ಜೊತೆ ಹ್ಯಾರಿ ಹೆಸರಿನ ಅರ್ಪಣೆ ಮುದ್ರಿಕೆಯ ಮೇಲೆ ಬಂದದ್ದೂ 1981ರ ಬಿಡುಗಡೆಯಲ್ಲೇ. ಹಾಗೆಂದು ಅರ್ಪಣೆ ಸಾವಿನ ನಂತರದ್ದೇ ಎನ್ನುವಂತೆಯೂ ಇಲ್ಲ. ಬದುಕಿರುವ ಬಂಧುಗಳಿಗೆ ರಚನೆಯನ್ನು ಅರ್ಪಿಸುವುದು ಇವಾನ್ಸ್ ಅವರಲ್ಲಿ ಹೊಸತಾಗಿರಲಿಲ್ಲ: 1956ರ ‘ನ್ಯೂ ಜಾಝ್ ಕನ್ಸೆಪ್ಶನ್ಸ್’ ಎಲ್‌ಪಿಯಲ್ಲಿ ಮೊದಲು ಬಂದ ‘ವಾಲ್ಟ್ಜ್ ಫಾರ್ ಡೆಬಿ’ ಇದೇ ಹ್ಯಾರಿ ಅವರ ಮಗಳ ಹೆಸರಿನದು.

6.4. 2003ರ ಮರುಬಿಡುಗಡೆಯಲ್ಲಿ ಅದೇ ಮುದ್ರಣಗಳ ಇನ್ನೂ ಮೂರು ಹಾಡುಗಳನ್ನು ಸೇರಿಸಲಾಗಿದೆ. ಅವುಗಳಲ್ಲೊಂದು ‘ಫ್ರೆಡ್ಡಿ ಫ್ರೀಲೋಡರ್’. ಈ ಮೂರು ಸೇರ್ಪಡೆಗಳ ನಂತರ ‘ಮ್ಯಾಶ್’ ಗೀತೆ ಕೊನೆಯ ಹಾಡಾಗಿ ಉಳಿಯುವುದಿಲ್ಲ. ಅದನ್ನು ವಿದಾಯದ ಮಾತೆಂದು ಕೇಳುವ ಓದು 1981ರ ಎಲ್‌ಪಿಯ ಅನುಕ್ರಮವನ್ನು ಅವಲಂಬಿಸಿದೆ. ಅದೂ (ಇ) ಸ್ತರದ್ದೇ.

7. 1980: ‘ಕೊನೆಯ’ ಎಂಬ ವಿಶೇಷಣ

ಬೇಸ್ ವಾದಕ ಮಾರ್ಕ್ ಜಾನ್ಸನ್ ಮತ್ತು ಡ್ರಮ್ಸ್ ವಾದಕ ಜೋ ಲಬಾರ್ಬೆರಾ ಜೊತೆಗಿನ ಕೊನೆಯ ತ್ರಯದ ದೊಡ್ಡ ಸಂಗ್ರಹಗಳಲ್ಲಿ ಎರಡನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಒಂದು, 1980ರ ಜೂನ್ 4ರಿಂದ 8ರವರೆಗಿನ ವ್ಯಾನ್‌ಗಾರ್ಡ್ ವಾದನದ ‘ಟರ್ನ್ ಔಟ್ ದ ಸ್ಟಾರ್ಸ್’ (1996, 6 ಸಿಡಿ). ಇನ್ನೊಂದು, ಸ್ಯಾನ್ ಫ್ರಾನ್ಸಿಸ್ಕೋದ ಕೀಸ್ಟೋನ್ ಕಾರ್ನರ್‌ನಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ಆರಂಭದವರೆಗೆ ನಡೆದ ವಾದನದ ‘ದ ಲಾಸ್ಟ್ ವಾಲ್ಟ್ಜ್’ (2000, 8 ಸಿಡಿ). ಎರಡೂ ಶೀರ್ಷಿಕೆಗಳು ಮರಣೋತ್ತರ. ಮೊದಲನೆಯದು ತಂದೆಯ ಶೋಕಗೀತೆಯ ಒಂದು ಭಾಗದ ಹೆಸರನ್ನು ಮಗನ ಸ್ಮರಣೆಗೆ ವರ್ಗಾಯಿಸಿದೆ. ಎರಡನೆಯದರ ಶೀರ್ಷಿಕೆಯನ್ನು ಅಕ್ಷರಶಃ ಓದಬಾರದು: ಕೀಸ್ಟೋನ್ ಕಾರ್ನರ್ ನಂತರ ಇವಾನ್ಸ್ ನ್ಯೂಯಾರ್ಕಿನ ಫ್ಯಾಟ್ ಟ್ಯೂಸ್‌ಡೇಸ್ ಕ್ಲಬ್ಬಿನಲ್ಲಿ ನುಡಿಸತೊಡಗಿ, ದೇಹಸ್ಥಿತಿ ಕೆಟ್ಟು ಆ ವಾರವನ್ನು ಪೂರೈಸಲಾರದೆ ಹೋದರು. 3.2ರಲ್ಲಿ ಲಫಾರೊ ಬಗ್ಗೆ ಕಂಡ ವ್ಯತ್ಯಾಸ, ಎಂದರೆ ಪ್ರಕಟವಾದ ಕೊನೆಯ ಮುದ್ರಣವನ್ನು ಕೊನೆಯ ವಾದನವೆಂದು ಎಣಿಸುವುದು, ಇಲ್ಲಿ ಮರುಕಳಿಸಿದೆ.

8. ಅಭಿಮಾನಿಗಳ ಟೇಪುಗಳ ಸಾಕ್ಷ್ಯಮೌಲ್ಯ

ಇಷ್ಟರಿಂದ ಅಭಿಮಾನಿಗಳ ಸ್ಮರಣೆ ಕೇವಲ ತಪ್ಪುಗಳ ಮೂಲ ಎಂಬ ಅಭಿಪ್ರಾಯ ಮೂಡಿದರೆ ಅದು ಅನ್ಯಾಯವಾದೀತು. ಉಪಲಬ್ಧ ಆಕರಗಳಲ್ಲಿ ಗಣನೀಯ ಭಾಗ ಅವರಿಂದಲೇ ಬಂದಿದೆ. 1966ರಿಂದ 1975ರವರೆಗೆ ವ್ಯಾನ್‌ಗಾರ್ಡ್‌ನಲ್ಲಿ ಅಭಿಮಾನಿ ದಂಪತಿ ಗುಟ್ಟಾಗಿ ಮಾಡಿಕೊಂಡ ಟೇಪುಗಳು ‘ದ ಸೀಕ್ರೆಟ್ ಸೆಶನ್ಸ್’ ಎಂದು 1996ರಲ್ಲಿ 8 ಸಿಡಿಗಳಾಗಿ ಹೊರಬಂದವು. 1969ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಒಬ್ಬ ಅಭಿಮಾನಿ ಮಾಡಿಕೊಂಡ ಮುದ್ರಣ ‘ಇವಾನ್ಸ್ ಇನ್ ಇಂಗ್ಲೆಂಡ್’ ಎಂದು 2019ರಲ್ಲಿ ಬಂತು. ಇವು ಕಲಾವಿದನ ಅನುಮತಿಯಿಲ್ಲದೆ ಮಾಡಿಕೊಂಡ ಮುದ್ರಣಗಳು ಎಂಬ ನೈತಿಕ ಪ್ರಶ್ನೆ ಬೇರೆಯೇ ಇದೆ.

ಪ್ರಸ್ತುತ ಚರ್ಚೆಗೆ ಇವುಗಳ ಬೆಲೆ ಒಂದು ನಿರ್ದಿಷ್ಟ ಕಾರಣದಿಂದ. ಕ್ಲಬ್ಬಿನ ಮೇಜಿನ ಬಳಿ ಟೇಪ್ ಓಡಿಸುತ್ತಿದ್ದವರಿಗೆ ಮುಂದೆ ಯಾರು ಯಾವಾಗ ಸಾಯುತ್ತಾರೆಂಬುದು ತಿಳಿದಿರಲಿಲ್ಲ. ಮುದ್ರಿಸುವ ಹಂತದಲ್ಲಿ ಶೋಕ ಆಯ್ಕೆಯನ್ನು ತಿದ್ದುವಂತಿರಲಿಲ್ಲ. ನಂತರ ಪ್ರಕಟಣೆಗಾಗಿ ಆರಿಸುವಾಗ ಆ ಪ್ರಭಾವ ಮತ್ತೆ ಒಳಗೆ ಬರಬಹುದು. ಆದ್ದರಿಂದ 2005ರ ವ್ಯಾನ್‌ಗಾರ್ಡ್ ಆವೃತ್ತಿಯಂತೆ ನುಡಿಸಿದ ಕ್ರಮ ಉಳಿದಿರುವಲ್ಲಿ ಮಾತ್ರ ಇಂಥ ಟೇಪುಗಳನ್ನು ಹೋಲಿಕೆಗೆ ನಂಬಬಹುದು.

9. ಫಲಿತಾಂಶಗಳು

(1) ಆರು ಪ್ರಕರಣಗಳಲ್ಲಿ ಸಾವು, ನಾಮಕರಣ, ವಾದನಗಳು ಕಾಲದಲ್ಲಿ ನೇರವಾಗಿ ಹೊಂದುವುದು ಎರಡರಲ್ಲಿ: ಸಾನಿ ಕ್ಲಾರ್ಕ್ (1963) ಮತ್ತು ತಂದೆ (1966). ಎರಡನೆಯದರಲ್ಲೂ ಸಾಮಗ್ರಿಯ ಒಂದು ಭಾಗ 1958ರದು.

(2) 1961ರ ವ್ಯಾನ್‌ಗಾರ್ಡ್ ಮುದ್ರಣದಲ್ಲಿ ಶೋಕ ಪ್ರಕಟಣೆಯ ಸ್ತರಕ್ಕೆ ಸೇರಿದ್ದು. ‘ಸಂಡೇ’ ಎಲ್‌ಪಿಯ ಆದಿ-ಅಂತ್ಯಗಳನ್ನು ಮಾತ್ರ ಅದಕ್ಕೆ ಪುರಾವೆಯಾಗಿ ಬಳಸುವಂತಿಲ್ಲ.

(3) ‘ರೀ: ಪರ್ಸನ್ ಐ ನ್ಯೂ’ ಶೀರ್ಷಿಕೆ ಲಫಾರೊ ಅವರನ್ನು ಕುರಿತದ್ದೆಂಬ ಓದನ್ನು ಕೈಬಿಡುವುದು ಉಚಿತ.

(4) 1977ರ ‘ವಿ ವಿಲ್ ಮೀಟ್ ಅಗೇನ್’ ಅಣ್ಣನ ಸಾವಿಗೆ ನುಡಿಸಿದ ಶೋಕಗೀತೆಯಲ್ಲ. 1979ರ ವಾದನಕ್ಕೆ ಆ ವಿವರಣೆ ಸಲ್ಲಬಹುದು.

(5) 1980ರ ಸಂಗ್ರಹಗಳಲ್ಲಿ ವಿದಾಯದ ಧ್ವನಿ ಇರುವುದು ಶೀರ್ಷಿಕೆಗಳ ಮಟ್ಟದಲ್ಲಿ. ವಾದನದ ಬಗ್ಗೆ ದಿನಾಂಕಗಳು ಏನನ್ನೂ ಹೇಳಲಾರವು.

ಈ ಕ್ರಮದ ಮಿತಿಯೂ ಇಷ್ಟರಲ್ಲೇ ಸ್ಪಷ್ಟ. ದಿನಾಂಕ ಅಸಾಧ್ಯವನ್ನು ತೋರಿಸಬಲ್ಲದು, ಉದ್ದೇಶವನ್ನು ಸ್ಥಾಪಿಸಲಾರದು. ಮುಂದಿನ ಬರಹಗಳಲ್ಲಿ ಇವಾನ್ಸ್ ಮುದ್ರಣವೊಂದನ್ನು ಯಾವುದೇ ಸಾವಿನೊಂದಿಗೆ ಜೋಡಿಸುವಾಗ ಮುದ್ರಣದ ದಿನ, ಸಾವಿನ ದಿನ, ಬಿಡುಗಡೆಯ ವರ್ಷ ಮೂರನ್ನೂ ಒಟ್ಟಿಗೆ ಕೊಡುವುದು ಉಪಯುಕ್ತ. ‘ವಿ ವಿಲ್ ಮೀಟ್ ಅಗೇನ್’ ಹೆಸರನ್ನು 1977 ಅಥವಾ 1979 ಎಂಬ ವರ್ಷವಿಲ್ಲದೆ ಉಲ್ಲೇಖಿಸದಿರುವುದು ಕನಿಷ್ಠ ಅಗತ್ಯ.